ಮಾರಿ ಕೊಳ್ಳುವುದೇ, ಕೊಂಡು ಮಾರುವುದೇ?

ಜಯನಗರ, ರಾಜಾಜಿನಗರ, ಮಲ್ಲೇಶ್ವರಗಳಂಥ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ನಿವೇಶನದ ಮೇಲೆ ಸಾಲಸೋಲ ಮಾಡಿ ಮನೆ ಕಟ್ಟಿಕೊಂಡು, ಮಕ್ಕಳನ್ನು ಓದಿಸಿ ದೂರದೇಶಗಳಿಗೆ ಕಳುಹಿಸಿ, ಈಗ ಮಹಡಿಯ ಮೆಟ್ಟಿಲು ಹತ್ತಲಾರದೆ ಲಿಫ್ಟ್ ಇರುವ ಫ್ಲ್ಯಾಟಿಗೋ ಮೈಸೂರಿನ ಸಣ್ಣ ಮನೆಗೋ ಹೋಗಿ ನೆಮ್ಮದಿಯಾಗಿರೋಣವೆಂದು ಬಯಸುವ ವೃದ್ಧ ದಂಪತಿಗಳು ಎಷ್ಟೋ ಮಂದಿಯಿದ್ದಾರೆ. ಅವರಿಗಿರುವುದು ಒಂದೇ ಆಸ್ತಿ. ಅದನ್ನು ಮಾರಿ ಬಂದ ಹಣದಿಂದಲೇ ಇನ್ನೊಂದನ್ನು ಕೊಳ್ಳಬೇಕು. ಮೊದಲು ಮಾರುವುದೇ, ಮೊದಲು ಕೊಳ್ಳುವುದೇ ಎಂದು ಬಂಧುಗಳನ್ನು ಕೇಳಿದರೆ, "ಮೊದಲು ಒಂದು ನೆಲೆ ನೋಡಿಕೊಳ್ಳಿ, ಆಮೇಲೆ ಇದನ್ನು ಬಿಡಿ" ಎಂದೇ ಬಹುಮಂದಿ ಹೇಳುವರು. ಈ ಬುದ್ಧಿವಾದವು ಮಮತೆಯಿಂದ ಹುಟ್ಟಿದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೈಯಲ್ಲಿ ಬೇರೆ ದ್ರವ್ಯವಿಲ್ಲದ ಗೃಹಸ್ಥನಿಗೆ ಇದಕ್ಕಿಂತ ಅಪಾಯಕರವಾದ ಸಲಹೆ ಇನ್ನೊಂದಿರಲಾರದೆಂದು ನನ್ನ ಅಭಿಪ್ರಾಯ.

ಮೊದಲು ಕೊಳ್ಳಹೊರಟವನ ಸ್ಥಿತಿಯನ್ನು ನೋಡಿ. ಹೊಸ ಮನೆ ಮನಸ್ಸಿಗೆ ಬಂದು, ಕ್ರಯದ ಕರಾರು ಬರೆದು, ಬೆಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟನ್ನು ಮುಂಗಡವಾಗಿ ತೆತ್ತು, ಉಳಿದುದನ್ನು ಮೂರು ತಿಂಗಳೊಳಗೆ ಸಲ್ಲಿಸಿ ನೋಂದಣಿ ಮಾಡಿಸಿಕೊಳ್ಳುವೆನೆಂದು ಸಹಿ ಹಾಕಿದ ಗಳಿಗೆಯಿಂದ ಅವನು ಅಲ್ಲಿ ಸಾಲಗಾರನೂ ಇಲ್ಲಿ ಅವಸರದ ಮಾರಾಟಗಾರನೂ ಆಗುತ್ತಾನೆ. ಅವಸರವನ್ನು ಬಚ್ಚಿಡುವುದು ಯಾರಿಂದಲೂ ಆಗದು. ದಳ್ಳಾಳಿಗೆ ಅದು ಮೊದಲ ದಿನವೇ ತಿಳಿಯುತ್ತದೆ, ಕೊಳ್ಳುವವನಿಗೆ ಎರಡನೆಯ ದಿನ. ಆ ಮೂರು ತಿಂಗಳ ನಡುವೆ ಆಷಾಢ ಬಂತೆನ್ನಿ, ಮನೆ ನೋಡಲು ಬರುವವರೇ ವಿರಳವಾಗುವರು. ಪಿತೃಪಕ್ಷ ಬಂದರೆ, ಬಂದವರೂ ಮುಂಗಡ ಕೊಡಲು ಹಿಂಜರಿಯುವರು. ಕೊನೆಗೊಬ್ಬ ಒಪ್ಪಿದನೆಂದರೂ ಅವನ ಬ್ಯಾಂಕು ಸಾಲ ಮಂಜೂರು ಮಾಡುವ ಮೊದಲು ಅದರ ವಕೀಲರು ಹಳೆಯ ಕ್ರಯಪತ್ರಗಳನ್ನೂ ಋಣಭಾರ ಪತ್ರವನ್ನೂ ಕೇಳದೆ ಬಿಡುವುದಿಲ್ಲ. ಗಡುವು ಮೀರಿದರೆ ಕೊಟ್ಟ ಮುಂಗಡಕ್ಕೆ ಸಂಚಕಾರ. ಮೀರದಂತೆ ನೋಡಿಕೊಳ್ಳಬೇಕಾದರೆ ಮೂವತ್ತು ವರ್ಷ ಬಾಳಿದ ಮನೆಯನ್ನು ಕೇಳಿದಷ್ಟಕ್ಕೆ ಕೊಟ್ಟುಬಿಡಬೇಕು. ಒಂದೆರಡು ವರ್ಷದ ಮಟ್ಟಿಗೆ ಬ್ಯಾಂಕುಗಳು ಕೊಡುವ ಬ್ರಿಜ್ ಸಾಲವೊಂದುಂಟು. ಆದರೆ ಪಿಂಚಣಿಯೊಂದೇ ಆಧಾರವಾಗಿರುವ ಎಪ್ಪತ್ತರ ವೃದ್ಧನಿಗೆ ಆ ಬಾಗಿಲು ತೆರೆಯುವುದು ಅಪರೂಪ.

ಮಾರುವ ಕಾರ್ಯ ಇಷ್ಟು ತಡವಾಗುವುದಕ್ಕೆ ಕೊಳ್ಳುವವರ ಅಭಾವವು ಸದಾ ಕಾರಣವಲ್ಲ. ನಮ್ಮ ಕಬ್ಬಿಣದ ಪೆಟ್ಟಿಗೆಯೊಳಗಿನ ಕಾಗದಪತ್ರಗಳೂ ಕಾರಣ. ಇ-ಖಾತೆಯಿಲ್ಲದೆ ಕ್ರಯಪತ್ರ ನೋಂದಣಿಯಾಗದೆಂಬ ನಿಯಮ ಬೆಂಗಳೂರಿನಲ್ಲಿ 2024ರಲ್ಲಿ ಜಾರಿಗೆ ಬಂದ ಮೇಲೆ, ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತೆಯನ್ನಿಟ್ಟುಕೊಂಡು ಕಂದಾಯವನ್ನು ಮಾತ್ರ ತಪ್ಪದೆ ಕಟ್ಟುತ್ತ ಬಂದ ಮಹನೀಯರಿಗೆಲ್ಲ ಎಚ್ಚರವಾಗಿದೆ. ವಂಶವೃಕ್ಷ ತರಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರ ಒಪ್ಪಿಗೆ ಪಡೆಯಬೇಕು. 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಪಾಲು ಗಂಡುಮಕ್ಕಳದಕ್ಕೆ ಸಮಾನವೆಂಬುದನ್ನು, ಎಷ್ಟೋ ಮನೆಗಳಲ್ಲಿ, ಕೊಳ್ಳಲು ಬಂದವರ ವಕೀಲರೇ ಮೊದಲು ನೆನಪಿಸಬೇಕಾಗಿ ಬರುವುದೊಂದು ಲಜ್ಜಾಸ್ಪದ ಸಂಗತಿ. ಆದುದರಿಂದ ಮಾರುವುದಕ್ಕೂ ಮೊದಲು ಮಾಡತಕ್ಕ ಕೆಲಸವೊಂದಿದೆ. ಅದು ಮಾರುವ ಯೋಚನೆ ಹುಟ್ಟಿದ ವಾರದಲ್ಲೇ ಆರಂಭವಾಗತಕ್ಕದ್ದು.

ಮೊದಲು ಮಾರುವುದರ ವಿರುದ್ಧ ಒಂದು ಪ್ರಬಲವಾದ ಆಕ್ಷೇಪವಿದೆ: ಹಣ ಕೈಯಲ್ಲಿ ಹಿಡಿದು ಹುಡುಕುತ್ತಿರುವಾಗಲೇ ಮನೆಗಳ ಬೆಲೆ ಏರಿಬಿಟ್ಟರೆ? ಬೆಂಗಳೂರಿನಂಥ ಊರಿನಲ್ಲಿ ಈ ಭಯ ನಿರಾಧಾರವಲ್ಲ. ಆದರೆ ಇಂಥ ದಂಪತಿಗಳು ದೊಡ್ಡದನ್ನು ಕೊಟ್ಟು ಚಿಕ್ಕದನ್ನು ಕೊಳ್ಳುವವರಾದುದರಿಂದ ಏರಿಕೆ ತಗಲುವುದು ಆ ಚಿಕ್ಕದರ ಬೆಲೆಗೆ ಮಾತ್ರ. ಉಳಿದ ಹಣದ ಬಡ್ಡಿ ಅದರಲ್ಲಿ ಒಂದಂಶವನ್ನಾದರೂ ತುಂಬಿಕೊಟ್ಟೀತು. ಅವಸರದ ಮಾರಾಟದಲ್ಲಿ ಬಿಟ್ಟುಕೊಟ್ಟ ಬೆಲೆಯಾದರೋ ಎಂದೆಂದಿಗೂ ಮರಳಿ ಬಾರದು. ಆದಾಯ ತೆರಿಗೆಯ ಕಾನೂನೂ ಈ ವಿಷಯದಲ್ಲಿ ಮೊದಲು ಮಾರಿದವನ ಕಡೆಗೇ ಹೆಚ್ಚು ಉದಾರವಾಗಿದೆ. 2 ವರ್ಷಕ್ಕೂ ಮೀರಿ ತನ್ನದಾಗಿದ್ದ ವಾಸದ ಮನೆಯನ್ನು ಮಾರಿ ಬಂದ ಲಾಭಕ್ಕೆ ವಿನಾಯಿತಿ ಬೇಕಾದವನು, ಮಾರಾಟಕ್ಕೆ ಹಿಂದಿನ 1 ವರ್ಷದೊಳಗಾಗಲಿ ಮುಂದಿನ 2 ವರ್ಷಗಳೊಳಗಾಗಲಿ ಇನ್ನೊಂದು ಮನೆಯನ್ನು ಕೊಂಡಿರಬೇಕು. ಕಟ್ಟಿಸುವುದಾದರೆ 3 ವರ್ಷದ ಅವಕಾಶವುಂಟು. ಆ ವರ್ಷದ ತೆರಿಗೆ ವಿವರ ಸಲ್ಲಿಸುವ ಗಡುವಿನೊಳಗೆ ಮನೆ ಸಿಕ್ಕದಿದ್ದರೆ, 1988ರ ಬಂಡವಾಳ ಲಾಭ ಖಾತೆ ಯೋಜನೆಯ ಪ್ರಕಾರ ಲಾಭದ ಮೊತ್ತವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡಬೇಕು. ಇದನ್ನು ಮರೆತು ಸಾಮಾನ್ಯ ಠೇವಣಿಯಲ್ಲಿಟ್ಟವರು ವಿನಾಯಿತಿಯನ್ನೇ ಕಳೆದುಕೊಂಡಾರು.

ಕೈಗೆ ಬಂದ ಹಣವೆಲ್ಲ ಹೊಸ ಮನೆಯ ಬೆಲೆಗೇ ಒದಗುವುದಿಲ್ಲವೆಂಬುದೂ ಮೊದಲು ಮಾರುವುದಕ್ಕೆ ಒಂದು ಕಾರಣ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕವು ನೂರಕ್ಕೆ 1ರಿಂದ 2ಕ್ಕೆ ಏರಿದ ಮೇಲೆ, ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಕರಗಳೊಡನೆ, ಒಂದು ಕೋಟಿಯ ಮನೆಗೆ ಸರ್ಕಾರಕ್ಕೆ ಸಲ್ಲುವುದೇ ಏಳೂವರೆ ಲಕ್ಷಕ್ಕೂ ಮಿಗಿಲು. ಇದ್ದೊಂದು ಮನೆಯನ್ನು ಮಾರಿ ವರ್ಷದೊಳಗೆ ಇನ್ನೊಂದನ್ನು ಕೊಳ್ಳುವ ಹಿರಿಯ ನಾಗರಿಕರಿಗಾದರೂ ಈ ಭಾರವನ್ನು ಅರ್ಧಕ್ಕಿಳಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಇಷ್ಟೆಲ್ಲ ಲೆಕ್ಕ ತಿಳಿದವರೂ ಹಿಂಜರಿಯುವುದು ಲೆಕ್ಕಕ್ಕೆ ಸಿಗದ ಒಂದು ಸಂಕೋಚದಿಂದ. ಸ್ವಂತ ಮನೆಯಲ್ಲಿದ್ದವರು ಬಾಡಿಗೆಗೆ ಇಳಿದರೆಂದು ಬೀದಿಯವರು ಆಡಿಕೊಳ್ಳುವರು. ಮಗ ಕೈಬಿಟ್ಟನೆಂದೋ ಸಾಲ ತಲೆಗೆ ಬಂತೆಂದೋ ಕಥೆ ಕಟ್ಟುವರು. ಆರತಿ ತಟ್ಟೆ ಹಿಡಿದು ಗೃಹಪ್ರವೇಶಕ್ಕೆ ಬಂದಿದ್ದ ನೆಂಟರೇ ಮದುವೆಮನೆಯ ಮೂಲೆಯಲ್ಲಿ ಕನಿಕರದ ದನಿ ತೆಗೆಯುವರು. ಗೃಹಸ್ಥಾಶ್ರಮದ ಘನತೆಯನ್ನೆಲ್ಲ ಕ್ರಯಪತ್ರದೊಡನೆ ಜೋಡಿಸಿದ ಈ ಅಭಿಮಾನ ಬಹು ಪುರಾತನವೇನಲ್ಲ. ವರ್ಗಾವಣೆಯಾದ ಊರಿನಲ್ಲೆಲ್ಲ ವಠಾರದ ಮನೆಗಳಲ್ಲಿ ಸಂಸಾರ ಮಾಡಿ, ಎಂಟೆಂಟು ಮಕ್ಕಳನ್ನು ಸಾಕಿ, ಸಮಾಜದಲ್ಲಿ ಗೌರವದಿಂದ ಬಾಳಿದ ಮೇಷ್ಟರುಗಳೂ ಗುಮಾಸ್ತರೂ ನಮ್ಮ ತಾತಂದಿರ ಕಾಲದಲ್ಲಿ ತುಂಬಿದ್ದರು. ಒಂದು ವರ್ಷದ ಬಾಡಿಗೆ, ಹತ್ತು ತಿಂಗಳ ಮುಂಗಡ, ಸಾಮಾನು ಎರಡು ಸಲ ಸಾಗಿಸುವ ಶ್ರಮ: ಮೊದಲು ಮಾರಿದವನು ತೆರುವ ಬೆಲೆ ಇಷ್ಟೇ, ಅದರಲ್ಲೂ ಮುಂಗಡ ಬಹುಮಟ್ಟಿಗೆ ಮರಳಿ ಬರತಕ್ಕದ್ದು. ಅದಕ್ಕೆ ಪ್ರತಿಯಾಗಿ ಯಾವ ಮನೆಯನ್ನಾದರೂ "ಬೇಡ" ಎನ್ನುವ ಸ್ವಾತಂತ್ರ್ಯ ಸಿಗುತ್ತದೆ. ಹೋಗಬೇಕೆಂದಿರುವ ಬಡಾವಣೆಯಲ್ಲೇ ಬಾಡಿಗೆಗಿದ್ದು, ಅಲ್ಲಿಯ ನೀರು, ಮಳೆಗಾಲದ ಚರಂಡಿ, ಔಷಧಿ ಅಂಗಡಿಯ ದೂರ, ನೆರೆಹೊರೆಯ ಸ್ವಭಾವ ಇವೆಲ್ಲವನ್ನೂ ಕೊಳ್ಳುವ ಮೊದಲೇ ಅರಿಯುವ ಅನುಕೂಲವೂ ಸಿಗುತ್ತದೆ.

ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರಿಗೆ ಎರಡು ಸಲ ಮನೆ ಬದಲಿಸೆಂದು ಹೇಳುವ ಧೈರ್ಯ ನನಗಿಲ್ಲ. ಅಂಥವರೂ ಮೊದಲು ಮಾರಲಿ. ಆದರೆ ಕರಾರಿನ ಅವಧಿಯನ್ನು ಮೂರು ತಿಂಗಳಿಗೆ ಬದಲು ಆರು ತಿಂಗಳಿಗೆ ಬರೆಸಿಕೊಳ್ಳಲಿ, ಮತ್ತು ಕ್ರಯಪತ್ರ ನೋಂದಣಿಯಾದ ಬಳಿಕವೂ ಕೆಲವು ತಿಂಗಳು ಅದೇ ಮನೆಯಲ್ಲಿ ಬಾಡಿಗೆಗಿರುವ ಷರತ್ತನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ತರಿಸಲಿ. ಇದಕ್ಕೆ ಒಪ್ಪುವ ಖರೀದಿದಾರ ಸುಲಭವಾಗಿ ದೊರೆಯನು. ಒಪ್ಪಿದವನಿಗೆ ಬೆಲೆಯಲ್ಲಿ ಒಂದೆರಡು ಲಕ್ಷ ಬಿಡಬೇಕಾದೀತು. ಬಿಡಲಿ.