ಹಿಟ್ಟಿನ ಎತ್ತು, ಹಿಟ್ಟಿನ ಕೋಳಿ

ಗ್ರೀಕರೆಂದ ಕೂಡಲೇ ನಮಗೆ ನೆನಪಾಗುವುದು ಅಲೆಕ್ಸಾಂಡರ್, ಸಾಕ್ರೆಟಿಸ್ ಮತ್ತು ಅಮೃತಶಿಲೆಯ ಮೂರ್ತಿಗಳು. ಅಥೆನ್ಸಿನ ಪಾರ್ಥೆನಾನ್ ಗುಡಿಯ ಗೋಡೆಯ ಮೇಲೆ ಕ್ರಿ.ಪೂ. 5ನೆಯ ಶತಮಾನದಲ್ಲಿ ಒಂದು ಮೆರವಣಿಗೆಯನ್ನು ಕೆತ್ತಿದರು. ಆ ಶಿಲ್ಪಗಳಲ್ಲಿ ಹಲವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿವೆ. ಕುದುರೆ ಸವಾರರ ಸೊಬಗನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲೇ ಕತ್ತು ಮೇಲೆತ್ತಿ ಬಾಯಿ ತೆರೆದ ಒಂದು ಹಸುವೂ ಇದೆ. ಅದನ್ನು ಕರೆದೊಯ್ಯುತ್ತಿರುವುದು ಬಲಿಗೆ.

ಗ್ರೀಕರ ಪೂಜೆಯಲ್ಲಿ ಪಶುಬಲಿಗೇ ಮುಖ್ಯ ಸ್ಥಾನ. ತೊಡೆಯ ಎಲುಬು, ಕೊಬ್ಬು ದೇವರಿಗೆ, ಮಾಂಸ ಜನರಿಗೆ. ಈ ಪಾಲಿಗೂ ಅವರಲ್ಲಿ ಕಥೆಯಿತ್ತು. ಪ್ರೊಮಿಥಿಯಸ್ ಎಂಬಾತ ಎಲುಬನ್ನು ಕೊಬ್ಬಿನಲ್ಲಿ ಮುಚ್ಚಿಟ್ಟು ದೇವರಾಜ ಜ್ಯೂಸನಿಗೇ ತೂಕದಲ್ಲಿ ಮೋಸ ಮಾಡಿದನಂತೆ!

ಆದರೂ ಅವರ ಮನಸ್ಸು ಕುಟುಕುತ್ತಿತ್ತು. ಪಶುವಿನ ತಲೆಗೆ ನೀರು ಚಿಮುಕಿಸಿ, ಅದು ತಲೆ ಅಲ್ಲಾಡಿಸಿದರೆ ಒಪ್ಪಿಗೆ ಎಂದು ಭಾವಿಸುತ್ತಿದ್ದರು. ಅಥೆನ್ಸಿನಲ್ಲಿ ಬೂಫೋನಿಯಾ ಎಂಬ ಆಚರಣೆ ಇನ್ನೂ ವಿಚಿತ್ರ. ಅದೂ ಬೇಸಿಗೆಯ ನಡುವೆ, ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುವ ದಿನಮಾನದಲ್ಲಿ. ಜ್ಯೂಸನ ವೇದಿಕೆಯ ಮೇಲೆ ಕಾಳು ಇಟ್ಟು ಸುತ್ತ ಎತ್ತುಗಳನ್ನು ಬಿಡುತ್ತಿದ್ದರು. ಯಾವುದು ಬಾಯಿ ಹಾಕಿತೋ ಅದಕ್ಕೆ ಕೊಡಲಿ ಪೆಟ್ಟು. ಆಮೇಲೆ ವಿಚಾರಣೆ! ನೀರು ತಂದ ಹುಡುಗಿಯರು ಕೊಡಲಿ ಮಸೆದವರ ಕಡೆ ಕೈ ತೋರಿಸುವುದು, ಮಸೆದವರು ಅದನ್ನು ಎತ್ತಿ ಕೊಟ್ಟವನ ಕಡೆ, ಅವನು ಕೊಯ್ದವನ ಕಡೆ, ಕೊಯ್ದವನು ಚೂರಿಯ ಕಡೆ. ಚೂರಿಗೆ ಮಾತು ಬಾರದು. ಅದನ್ನೇ ಅಪರಾಧಿಯೆಂದು ಸಮುದ್ರಕ್ಕೆ ಎಸೆಯುತ್ತಿದ್ದರು. ಎತ್ತಿನ ಚರ್ಮಕ್ಕೆ ಹುಲ್ಲು ತುಂಬಿ ನೇಗಿಲಿಗೆ ಹೂಡಿ ನಿಲ್ಲಿಸುತ್ತಿದ್ದರು, ಏನೂ ಆಗಿಯೇ ಇಲ್ಲವೆಂಬಂತೆ.

ಒಬ್ಬರ ಖಾತೆಯ ಬಾಕಿಯನ್ನು ಇನ್ನೊಬ್ಬರ ಖಾತೆಗೆ ತಳ್ಳುತ್ತ ಹೋಗಿ, ಕೊನೆಗೆ ಹೆಸರಿಲ್ಲದವನ ಮೇಲೆ ಬರೆದು ಪುಟ ಮುಗಿಸಿದ ಹಾಗಾಯಿತು. ನಮ್ಮ ಶಾಸ್ತ್ರದಲ್ಲಿ ಕೃತ, ಕಾರಿತ, ಅನುಮತ ಎಂದು ಮೂರಿವೆ: ಮಾಡಿದವನು, ಮಾಡಿಸಿದವನು, ಸರಿ ಎಂದವನು. ನೀರು ತಂದವರೂ ತಪ್ಪಿಸಿಕೊಳ್ಳುವಂತಿಲ್ಲ.

ಗ್ರೀಕರಲ್ಲೇ ಇದನ್ನು ಪ್ರಶ್ನಿಸಿದವರು ಇದ್ದರು. ಶಾಲೆಯ ರೇಖಾಗಣಿತದಲ್ಲಿ ಹೆಸರು ಕೇಳಿದ ಪೈಥಾಗೊರಸ್, ಜೀವ ದೇಹದಿಂದ ದೇಹಕ್ಕೆ ಹೋಗುತ್ತದೆಂದು ಬೋಧಿಸಿದ. ಯಾರೋ ನಾಯಿಮರಿಯನ್ನು ಹೊಡೆಯುತ್ತಿದ್ದಾಗ, ಅದು ತನ್ನ ಗೆಳೆಯನ ಜೀವ, ದನಿಯಿಂದ ಗುರುತು ಹತ್ತಿತು ಎಂದು ತಡೆದನಂತೆ. ಇದನ್ನು ಬರೆದ ಕವಿ ಬರೆದದ್ದು ಗೇಲಿಗಾಗಿ. ಉಳಿದದ್ದು ಮಾತ್ರ ಕರುಣೆ. ಯುರೋಪಿನಲ್ಲಿ 19ನೆಯ ಶತಮಾನದವರೆಗೂ ಶಾಕಾಹಾರಿಗಳಿಗೆ ಪೈಥಾಗೊರಸನ ಹೆಸರಿನಿಂದಲೇ ಕರೆಯುತ್ತಿದ್ದರು.

ಸಿಸಿಲಿ ದ್ವೀಪದ ಎಂಪೆಡೊಕ್ಲಿಸ್ ಇನ್ನೂ ಮುಂದೆ ಹೋದ. ರೂಪ ಬದಲಿಸಿ ಬಂದ ಸ್ವಂತ ಮಗನನ್ನೇ ತಂದೆ ತಿಳಿಯದೆ ಕೊಂದು ಉಣ್ಣುತ್ತಾನೆ ಎಂದು ಎಚ್ಚರಿಸಿದ. ಅವನು ಬಲಿಗಾಗಿ ಜೇನು ಮತ್ತು ಜವೆಹಿಟ್ಟಿನ ಎತ್ತನ್ನು ಅರ್ಪಿಸಿದನೆಂಬ ಕಥೆಯೂ ಇದೆ.

ಇಲ್ಲಿ ನನಗೆ ಜನ್ನ ನೆನಪಾಗುತ್ತಾನೆ. 1209ರ ಅವನ ಯಶೋಧರ ಚರಿತೆಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಅರಸ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ತಾಗಿದಾಗ ಅದು ಕೂಗುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪಶುಪಕ್ಷಿಗಳಾಗಿ ಅಲೆದು, ಕೊನೆಗೆ ಕೋಳಿಗಳಾಗಿ ಸ್ವಂತ ಮಗ ಯಶೋಮತಿಯ ಬಾಣಕ್ಕೇ ಸಾಯುತ್ತಾರೆ. ಎಂಪೆಡೊಕ್ಲಿಸ್ ಹೆದರಿದ್ದು ಇದಕ್ಕೇ ಅಲ್ಲವೆ? ಆದರೆ ಗ್ರೀಕನಿಗೆ ಹಿಟ್ಟಿನ ಎತ್ತು ಬಿಡುಗಡೆಯ ದಾರಿ. ಜನ್ನನಿಗೆ ಹಿಟ್ಟಿನ ಕೋಳಿಯೇ ಪಾಪದ ಬೀಜ, ಏಕೆಂದರೆ ಕೊಲ್ಲುವ ಸಂಕಲ್ಪ ಅಲ್ಲಿತ್ತು.

ಪೈಥಾಗೊರಸ್ ನಮ್ಮ ಮುನಿಗಳಿಂದ ಕಲಿತು ಹೋದನೆಂದು ಕೆಲವರು ಭಾಷಣ ಮಾಡುತ್ತಾರೆ. ರಸೀದಿ ಇಲ್ಲದ ಜಮೆಯನ್ನು ನಾವು ಬರೆದುಕೊಳ್ಳುವುದು ಬೇಡ. ದೂರದ ಜನರಿಗೂ ತಾವಾಗಿಯೇ ಈ ಅಳುಕು ಹುಟ್ಟಿದ್ದರೆ ಅದರಿಂದ ನಮ್ಮ ಮಾನವೇನೂ ಕಡಿಮೆಯಾಗದು.

ಈಗ ಮನೆಯ ಮಾತು. ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಬೇಕರಿಯಿಂದ ಮೊಲದ, ಮೀನಿನ ಆಕಾರದ ಕೇಕು ಬರುತ್ತದೆ. ತತ್ತಿ ಹಾಕಿಲ್ಲವಲ್ಲ, ಇನ್ನೇನು ಎಂದು ತರುಣ ತಾಯಂದಿರು ಕೇಳುತ್ತಾರೆ. ಅಜ್ಜಿಯಂದಿರು ಮುಖ ತಿರುಗಿಸುತ್ತಾರೆ. ನಾನು ಅಜ್ಜಿಯಂದಿರ ಪಕ್ಷ. ಐದು ವರ್ಷದ ಕೂಸಿನ ಕೈಗೆ ಚಾಕು ಕೊಟ್ಟು, ಮೊಲದ ಕತ್ತು ಕತ್ತರಿಸು ಎಂದು ಎಲ್ಲರೂ ಚಪ್ಪಾಳೆ ತಟ್ಟುವುದು ನನ್ನ ಕಣ್ಣಿಗೆ ಒಗ್ಗುವುದಿಲ್ಲ. ಬೇಕರಿಯವನಿಗೆ ದುಂಡನೆಯ ಕೇಕು ಮಾಡಲೂ ಬರುತ್ತದೆ, ಹೇಳಿ ನೋಡಿ.