ಒಂದು 'ಎಫ್' ಜಾಸ್ತಿ

ಡೊಮೈನ್ ಬುಕ್ ಮಾಡಿಬಿಟ್ರೆ ಹೆಸರು ನಮ್ದೇ ಅಂದ್ಕೊಂಡಿದ್ದೀರಾ? ನಮ್ಮ ಬೆಂಗಳೂರಿನದ್ದೇ ಕೇಸ್ ಕೇಳಿ. ಸತ್ಯಂ ಇನ್ಫೋವೇ 1999ರಲ್ಲೇ 'ಸಿಫಿ' ಹೆಸರಿನ ಡೊಮೈನ್‌ಗಳನ್ನು ಪಡೆದಿತ್ತು. 2001ರಲ್ಲಿ ಇನ್ನೊಂದು ಕಂಪನಿ ಒಂದು 'ಎಫ್' ಜಾಸ್ತಿ ಸೇರಿಸಿ 'ಸಿಫ್ಫಿನೆಟ್' ಅಂತ ಶುರುಮಾಡಿತು. ಕೇಳಿದರೆ, ಅದು ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರ ಸ್ವಾಮಿ ಅಂದರು! (ಐಡಿಯಾ ಏನೋ ಚೆನ್ನಾಗಿದೆ.) ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ತೆಗೆಯಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕತೆ ಒಪ್ಪದೆ ತಡೆಯಾಜ್ಞೆಯನ್ನು ಮತ್ತೆ ತಂದಿತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆ ಉಂಟು ಎಂದಿತು.

ಈಗ ಡಾಟ್ ಇನ್ ಜಗಳಕ್ಕೆ ಕೋರ್ಟೇ ಹತ್ತಬೇಕಿಲ್ಲ. ನಿಕ್ಸಿಗೆ ದೂರು ಕೊಟ್ಟರೆ ಆರ್ಬಿಟ್ರೇಟರ್ ತೀರ್ಮಾನಿಸುತ್ತಾರೆ. ಹಳೇ ಬಿಲ್ಲು, ಜಾಹೀರಾತು ಎತ್ತಿಟ್ಟಿರಿ. ಆ ಹೆಸರನ್ನ ಮೊದಲು ಬಳಸಿದ್ದು ನೀವೇ ಅಂತ ತೋರಿಸೋಕೆ ಅವು ಬೇಕಾಗುತ್ತವೆ.