ಬೀದಿಗೆ ಬೀದಿ ಕೂಡಬೇಕು

ನಗರವೊಂದು ಬೆಳೆಯುತ್ತಿದೆಯೆಂದು ಹೇಳುವಾಗ ನಾವು ಸಾಮಾನ್ಯವಾಗಿ ಅದರ ವಿಸ್ತಾರವನ್ನೂ ಜನಸಂಖ್ಯೆಯನ್ನೂ ಎಣಿಸುತ್ತೇವೆ. ಅದರ ಬೀದಿಗಳು ಒಂದರೊಡನೊಂದು ಹೇಗೆ ಕೂಡಿಕೊಂಡಿವೆಯೆಂದು ವಿಚಾರಿಸುವವರು ವಿರಳ. ಆದರೆ ನಗರವಾಸಿಗಳ ನಿತ್ಯದ ಸುಖದುಃಖಗಳು ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ.

1736ರಲ್ಲಿ ಗಣಿತಜ್ಞ ಆಯ್ಲರನು ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ, ಅಲ್ಲಿ ಮುಖ್ಯವಾದುದು ದಾರಿಗಳ ಉದ್ದವಲ್ಲ, ಅವುಗಳ ಕೂಡುವಿಕೆಯೆಂದು ಕಂಡುಕೊಂಡನು. ಇದೇ ದೃಷ್ಟಿಯಿಂದ ಬೆಂಗಳೂರನ್ನು ನೋಡೋಣ. 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮುಖ್ಯರಸ್ತೆಗಳೂ ಅಡ್ಡರಸ್ತೆಗಳೂ ಬಹುಮಟ್ಟಿಗೆ ಚದುರಂಗದ ಮಣೆಯ ಗೆರೆಗಳಂತೆ ಹೆಣೆದುಕೊಂಡಿವೆ. ಅಂಥ ಹೆಣಿಗೆಯಲ್ಲಿ ಪೂರ್ವಕ್ಕೆ 3 ಚೌಕ, ಉತ್ತರಕ್ಕೆ 3 ಚೌಕ ದಾಟಬೇಕಾದವನಿಗೆ ಸಮದೂರದ 20 ಹತ್ತಿರದ ದಾರಿಗಳುಂಟು; ವಾಚಕರು ಕಾಗದದ ಮೇಲೆ ಗೆರೆಯೆಳೆದು ಪರೀಕ್ಷಿಸಬಹುದು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ.

ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್‌ಗಳ ಕಡೆಯ ಸ್ಥಿತಿ ಬೇರೆ. ಅಲ್ಲಿ ಹೊಲಗದ್ದೆಗಳು ಸರ್ವೆ ನಂಬರುಗಳಿಗನುಸಾರವಾಗಿ ಬಿಡಿಬಿಡಿಯಾಗಿ ಬಡಾವಣೆಗಳಾಗಿವೆ. ಅನೇಕ ಬಡಾವಣೆಗಳಿಗೆ ಸುತ್ತಲೂ ಗೋಡೆ, ಒಂದೇ ಹೆಬ್ಬಾಗಿಲು. ಒಳಗಿನ ಬೀದಿಗಳು ಮರದ ಕೊಂಬೆಗಳಂತೆ ಕವಲೊಡೆದು ಗೋಡೆಗೆ ತಾಗಿ ನಿಲ್ಲುತ್ತವೆ. ಗೋಡೆಯಾಚೆಯ ಶಾಲೆ ಕೂಗಳತೆಯಲ್ಲಿದ್ದರೂ ಮಕ್ಕಳು ಮುಖ್ಯರಸ್ತೆಗೆ ಬಂದು ಸುತ್ತಿಕೊಂಡೇ ಹೋಗಬೇಕು. ನಡೆಯಬಹುದಾದ ದೂರಕ್ಕೂ ವಾಹನ ಬೇಕಾಗುತ್ತದೆ. ಎಲ್ಲ ವಾಹನಗಳೂ ಆ ಒಂದೇ ರಸ್ತೆಗೆ ಬಂದು ಬೀಳುತ್ತವೆ. ರಸ್ತೆಯನ್ನು ಅಗಲಿಸಿದ ಮಾತ್ರಕ್ಕೆ ಎರಡನೆಯ ದಾರಿ ಹುಟ್ಟುವುದಿಲ್ಲ.

ಮುಂದಕ್ಕೆ ದಾರಿಯಿಲ್ಲದ ಬೀದಿಯಲ್ಲಿ ಗದ್ದಲವಿಲ್ಲ, ಮಕ್ಕಳಿಗೆ ಭಯವಿಲ್ಲ ಎಂಬ ವಾದವುಂಟು. ಅದು ಸುಳ್ಳಲ್ಲ. ಆದರೆ ತಡೆಯಬೇಕಾದುದು ವೇಗದ ವಾಹನವನ್ನೇ ಹೊರತು ಕಾಲ್ನಡೆಯವರನ್ನಲ್ಲ. ಬೀದಿಯ ಕೊನೆಯಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ಒಂದು ಕಿರುದಾರಿ ಬಿಟ್ಟರೆ ನೆಮ್ಮದಿಯೂ ಉಳಿಯುತ್ತದೆ, ಸಂಪರ್ಕವೂ ದೊರೆಯುತ್ತದೆ.

ಈ ಪ್ರವೃತ್ತಿಯನ್ನು ತಿದ್ದಲು ಸಾಧ್ಯವಿದೆ. ಅಮೆರಿಕದಲ್ಲಿ ಅದು 1990ರ ದಶಕದ ನಡುವೆ ತುದಿ ಮುಟ್ಟಿ ಇಳಿಮುಖವಾಯಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದರೆ ಹೊಸ ಬೀದಿಗಳನ್ನು ಸರಿಯಾಗಿ ಹಾಕುವುದು ಸುಲಭ. ಹಾಕಿದ್ದನ್ನು ಬದಲಿಸುವುದು ಕಷ್ಟ. ಮನೆ ಬಿದ್ದು ಮನೆ ಎದ್ದರೂ ಬೀದಿ ಉಳಿಯುತ್ತದೆ: ಹಳೆಯ ಪೇಟೆಯ ದೊಡ್ಡಪೇಟೆ ಬೀದಿಯೇ ಇಂದಿನ ಅವೆನ್ಯೂ ರಸ್ತೆ. ಆದುದರಿಂದ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲೇ, ಅದರ ಬೀದಿಗಳು ನೆರೆಯ ಬೀದಿಗಳನ್ನು ಎಷ್ಟು ಕಡೆ ಕೂಡುವುವೆಂದು ಅಧಿಕಾರಿಗಳು ಎಣಿಸಲೇಬೇಕೆಂಬುದು ನಮ್ಮ ಅಭಿಪ್ರಾಯ. ಒಂದೇ ಬಾಗಿಲಿನ ನಕ್ಷೆ ಬಂದರೆ ಅದನ್ನು ಹಿಂದಿರುಗಿಸಬೇಕು.